ಹೋದ ತಿಂಗಳ ಸಿನಿಮಾದ ಕೊನೆ

ಸಿನಿಮಾ ನೋಡಿ ಅದರ ಬಗ್ಗೆ ಮಾತಾಡುವುದಕ್ಕೆಂದೇ ತುಮಕೂರಿನಲ್ಲಿ ಒಂದು ಸಂಘವಿದೆ ಎಂದು ನನಗೆ ಮೊದಲು ಹೇಳಿದವರು ಒಬ್ಬ ವಕೀಲರು. ನಮ್ಮದು ಹಾಸಿಗೆ ದಿಂಬಿನ ಅಂಗಡಿ. ಹಳೆಯ ಹಾಸಿಗೆ ಬಿಚ್ಚಿಸಿ, ಹತ್ತಿ ಹಿಂಜಿಸಿ, ಮತ್ತೆ ಹೊಲಿಸಿಕೊಂಡು ಹೋಗಲು ಬಂದಿದ್ದ ಅವರು, ಗಲ್ಲಾದ ಹಿಂದೆ ಕೂತು ನಾನು ಪೇಪರಿನ ಸಿನಿಮಾ ಪುಟ ಓದುತ್ತಿದ್ದುದನ್ನು ಕಂಡು, "ಭಾನುವಾರ ಬನ್ನಿ ಭಾಯಿ, ನಿಮ್ಮಂಥ ಹುಚ್ಚರು ಇನ್ನೂ ಒಂದಷ್ಟು ಜನ ಇದೀವಿ" ಎಂದರು. ಮನೆಯಲ್ಲಿ ಹೇಳಿದಾಗ ಅಬ್ಬಾ ನಕ್ಕುಬಿಟ್ಟರು. ಸಿನಿಮಾ ನೋಡೋಕೆ ಟಿಕೆಟ್ ಸಾಕು, ಸಂಘ ಯಾತಕ್ಕೆ ಎನ್ನುವುದು ಅವರ ಪ್ರಶ್ನೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಮೂವತ್ತು ದಾಟಿತ್ತು. ಅಂಗಡಿ, ಮನೆ, ಮಸೀದಿ ಬಿಟ್ಟು ಹೋಗಿ ಕೂರಲು ಇನ್ನೊಂದು ಜಾಗ ಬೇಕು ಅನ್ನಿಸಿತ್ತು, ಅಷ್ಟೇ.

ಸಂಘ ಸೇರುತ್ತಿದ್ದುದು ತಿಂಗಳಿಗೊಂದು ಭಾನುವಾರ, ಒಂದು ಟುಟೋರಿಯಲ್‌ನ ಮಹಡಿ ಮೇಲೆ. ಬಾಡಿಗೆಗೆ ತಂದ ಕಲರ್ ಟಿ.ವಿ., ಒಂದು ವಿಸಿಆರ್, ಕಿಟಕಿಗೆ ಹೊದಿಸಿದ ಬೆಡ್‌ಶೀಟುಗಳು. ಸಿನಿಮಾ ಮುಗಿದ ಮೇಲೆ ಟೀ, ಟೀ ಮುಗಿದ ಮೇಲೆ ಚರ್ಚೆ. ಕಾಲೇಜು ಲೆಕ್ಚರರುಗಳು, ಬ್ಯಾಂಕಿನವರು, ಒಬ್ಬ ಲೇಡಿ ಡಾಕ್ಟರು. ಎಲ್ಲರೂ ಒಳ್ಳೆಯವರೇ. ಆದರೆ ಮಾತಿಗೆ ಕೂತರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ.

ಅಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಹೊಸ ಸಿನಿಮಾ ಹಾಕುವ ಮೊದಲು, ಹೋದ ತಿಂಗಳು ನೋಡಿದ ಸಿನಿಮಾದ ಕೊನೆಯನ್ನು ಒಬ್ಬರು ಎದ್ದು ನಿಂತು ಹೇಳಬೇಕು. ಅದು ಅಮೃತೂರಿನಿಂದ ಬರುತ್ತಿದ್ದ ಒಬ್ಬ ಡ್ರಾಯಿಂಗ್ ಮೇಷ್ಟ್ರಿಗಾಗಿ. ರಿಟೈರಾದ ಮನುಷ್ಯ, ಬಿಳಿ ಪಂಚೆ, ತೋಳು ಮಡಿಸಿದ ಶರಟು, ಕಂಕುಳಲ್ಲಿ ಕೊಡೆ. ಕುಣಿಗಲ್ ಮೇಲೆ ಅಮೃತೂರಿಗೆ ಹೋಗುವ ಅವರ ಪ್ರೈವೇಟ್ ಬಸ್ಸು ಸಂಜೆ ಐದಕ್ಕೇ ಬಿಡುತ್ತಿತ್ತು. ಸಿನಿಮಾ ಶುರುವಾಗುತ್ತಿದ್ದುದು ಮೂರೂವರೆಗೆ. ಹಾಗಾಗಿ ಪ್ರತಿ ಸಲವೂ ಕಥೆ ಗಂಟು ಬಿದ್ದ ಹೊತ್ತಿಗೆ ಮೇಷ್ಟ್ರು ಮೆಲ್ಲಗೆ ಎದ್ದು, ಯಾರ ಕಣ್ಣಿಗೂ ಅಡ್ಡ ಬರದ ಹಾಗೆ ಬಗ್ಗಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಬಿಡುತ್ತಿದ್ದರು.

ನಾನು ಹೋದ ಮೊದಲನೇ ದಿನ ಕೊನೆ ಹೇಳುವ ಸರದಿ ಒಬ್ಬ ಲೆಕ್ಚರರದ್ದು. ಸಮಾಜ, ವ್ಯವಸ್ಥೆ, ಬೆಳಕು, ನೆರಳು ಎಂದು ಅವರು ಹೇಳುತ್ತಲೇ ಇದ್ದರು. ರಾಮಾಯಣವೆಲ್ಲ ಹೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಎನ್ನುವುದನ್ನೇ ಬಿಟ್ಟ ಹಾಗಾಯಿತು. ಮೇಷ್ಟ್ರು ಪಾಪ, ತಲೆಯಾಡಿಸುತ್ತಾ ಕೂತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. "ಸಾರ್, ಅವನು ಕೊನೆಗೆ ಬದುಕಿದ್ನಾ ಸತ್ನಾ, ಅದನ್ನ ಹೇಳಿ ಅವ್ರಿಗೆ" ಎಂದೆ. ವಕೀಲರು ಜೋರಾಗಿ ನಕ್ಕು, "ಬರೋ ತಿಂಗಳಿಂದ ಕೊನೆ ಹೇಳೋ ಕೆಲಸ ಭಾಯಿದು" ಎಂದು ತೀರ್ಪು ಕೊಟ್ಟರು.

ಹೀಗೆ ಆ ಕೆಲಸ ನನಗೆ ಬಂತು. ನಮ್ಮ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ವ್ಯಾಪಾರದ ಕನ್ನಡ. ಕಥೆ ಹೇಳುವ ಕನ್ನಡ ನಾನು ಕಲಿತದ್ದು ಆ ಮಹಡಿಯ ಮೇಲೆ, ಮೇಷ್ಟ್ರ ಮುಖ ನೋಡಿಕೊಂಡು. ಯಾರು ಎಲ್ಲಿ ನಿಂತಿದ್ದರು, ಏನಂದರು, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ಎಲ್ಲವನ್ನೂ ಅವರು ಕೇಳುತ್ತಿದ್ದರು. ಅವರಿಗಾಗಿ ನಾನು ಕೊನೆಯ ಭಾಗವನ್ನು ಕಣ್ಣು ಮಿಟುಕಿಸದೆ ನೋಡುವುದನ್ನು ರೂಢಿ ಮಾಡಿಕೊಂಡೆ. ಕೇಳಿಸಿಕೊಂಡಾದ ಮೇಲೆ, "ನೀವು ಹೇಳ್ದಂಗೇ ಹೇಳ್ತೀನಿ ಭಾಯಿ" ಎನ್ನುತ್ತಿದ್ದರು. ಯಾರಿಗೆ ಎಂದು ನಾನು ಕೇಳಿರಲಿಲ್ಲ.

ಅದು ಗೊತ್ತಾದದ್ದು ಒಂದು ಹಾಸಿಗೆಯಿಂದ. ಒಂದು ದಿನ ಸಿನಿಮಾಕ್ಕೆ ಮುಂಚೆ ಅಂಗಡಿಗೆ ಬಂದ ಮೇಷ್ಟ್ರು, ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದಂಥ ಹಾಸಿಗೆ ಬೇಕು ಎಂದರು. ಬೂರುಗದ ಹತ್ತಿ ತುಂಬಿಸಿ ಹೊಲಿಸಿದೆ. ಎರಡು ವಾರ ಬಿಟ್ಟು ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ನಾನೇ ಅಮೃತೂರಿಗೆ ಹೋದೆ. ತೆಂಗಿನ ತೋಟದ ಪಕ್ಕ ಹೆಂಚಿನ ಮನೆ. ನಡುಮನೆಯ ಮಂಚದ ಮೇಲೆ ಅವರ ಹೆಂಡತಿ. ಅಟ್ಟದ ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಆಕೆ ಎದ್ದಿರಲಿಲ್ಲ. ಮಕ್ಕಳಿಲ್ಲ. ಮೇಷ್ಟ್ರು ತುಮಕೂರಿಗೆ ಬಂದ ದಿನ ಪಕ್ಕದ ಮನೆಯ ಹೆಂಗಸು ನೋಡಿಕೊಳ್ಳುತ್ತಿದ್ದಳು.

ನನ್ನ ದನಿ ಕೇಳಿದ್ದೇ ಆಕೆ ದಿಂಬಿನಿಂದ ಕತ್ತೆತ್ತಿ, "ಯಾರ್ರೀ ಅದು, ಕೊನೆ ಹೇಳೋ ಸಾಬ್ರಾ? ಬಾರಪ್ಪ, ಕೂತ್ಕೋ" ಎಂದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಆ ತಿಂಗಳ ಸಿನಿಮಾದ ಕೊನೆ ನನಗೆ ಗೊತ್ತಿತ್ತಲ್ಲ, ಬಂದಿದ್ದೇನೆ, ಹೇಳಿಬಿಡೋಣ ಎಂದು ಬಾಯಿ ತೆಗೆದೆ. ಆಕೆ ಎರಡೂ ಕೈ ಅಡ್ಡ ಮಾಡಿದರು. "ಬ್ಯಾಡ, ಬ್ಯಾಡ, ಈಗ್ಲೇ ಹೇಳ್ಬ್ಯಾಡ. ಇನ್ನೂ ಹದಿನೈದ್ ದಿನ ಐತೆ. ನಾನಿನ್ನೂ ಯೋಚ್ನೆ ಮಾಡ್ತಾ ಇದೀನಿ."

ಹೊರಗೆ ಜಗಲಿಯ ಮೇಲೆ ಕೂತಾಗ ಮೇಷ್ಟ್ರು ವಿಷಯ ಹೇಳಿದರು. ಓಡಾಡುವ ಕಾಲದಲ್ಲಿ ಊರಿಗೆ ಬಂದ ಒಂದು ಟೆಂಟ್ ಸಿನಿಮಾವನ್ನೂ ಆಕೆ ಬಿಟ್ಟವರಲ್ಲ. ಬಿದ್ದ ಮೇಲೆ ಎಲ್ಲ ಮುಗಿಯಿತೆಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬಿಟ್ಟರು. ಡಾಕ್ಟರು, ಬದುಕೋ ಆಸೆ ಅವರಿಗೇ ಇಲ್ಲದಿದ್ದರೆ ನಾನೇನು ಮಾಡಲಿ ಎಂದು ಕೈಚೆಲ್ಲಿದ್ದರು. ಅಂಥ ಹೊತ್ತಿನಲ್ಲಿ ಮೇಷ್ಟ್ರು ಒಂದು ಭಾನುವಾರ ನಮ್ಮ ಸಂಘಕ್ಕೆ ಬಂದು, ಬಸ್ಸಿಗಾಗಿ ಅರ್ಧಕ್ಕೇ ಎದ್ದು ಹೋಗಿ, ನೋಡಿದಷ್ಟನ್ನು ಹೆಂಡತಿಗೆ ಹೇಳಿದರು.

"ಆಮೇಲೇನಾಯ್ತು ಅಂದ್ಲು. ಗೊತ್ತಿಲ್ಲ ಕಣೇ, ಬಸ್ ಹೊಂಟೋಗ್ತಿತ್ತು ಅಂದೆ. ಬಾಯಿಗೆ ಬಂದಂಗೆ ಬೈದ್ಲು. ಮಾರ್ನೇ ದಿನ ಬೆಳಿಗ್ಗೆ ಅವ್ಳೇ ಕರೆದು, ಹಿಂಗಾಗಿರ್ಬೋದು ನೋಡ್ರಿ ಅಂದ್ಲು. ಅವತ್ತು ಎರಡು ತುತ್ತು ಮುದ್ದೆ ಉಂಡ್ಲು ಭಾಯಿ. ದಿನಾ ಒಂದೊಂದು ಕೊನೆ ಕಟ್ಟೋಳು. ನಿಜವಾದ್ದು ಕೇಳ್ಕೊಂಡು ಬರೋವರ್ಗೂ ಸಾಯಲ್ಲ ಅಂತ ಆಟ ಆಡೋಳು." ದನಿ ತಗ್ಗಿಸಿ, "ಈಗ ಐದೂವರೆಗೂ ಒಂದು ಬಸ್ ಬುಟ್ಟವ್ರೆ. ಆದ್ರೂ ನಾನು ಮೊದ್ಲಿನ್ ಬಸ್ಸಿಗೇ ಹೋಗ್ತೀನಿ. ಇದನ್ನ ಸಂಘದಲ್ಲಿ ಹೇಳ್ಬ್ಯಾಡಿ. ಅಯ್ಯೋ ಪಾಪ ಅನ್ನಿಸ್ಕೊಳೋದು ಅವ್ಳಿಗೆ ಆಗಲ್ಲ" ಎಂದರು. ನಾನು ಯಾರಿಗೂ ಹೇಳಲಿಲ್ಲ. ಆ ಮಾತಿಗೆ ನಾನು ಕಟ್ಟುಬಿದ್ದದ್ದು ಸರಿಯೇ ಎಂದು ಇವತ್ತಿಗೂ ನಂಬುತ್ತೇನೆ.

ಹೀಗೇ ಕೆಲವು ವರ್ಷ ನಡೆಯಿತು. ವಿಸಿಆರ್ ಹೋಗಿ ಸಿಡಿ ಬಂತು. ಆ ನಡುವೆ ನನ್ನ ತಮ್ಮನ ಮದುವೆ ಗುಬ್ಬಿಯಲ್ಲಿ, ಸರಿಯಾಗಿ ಸಂಘದ ಭಾನುವಾರವೇ ಆಯಿತು. ನಾನು ಹೋಗದ ಆ ಒಂದೇ ಒಂದು ದಿನ, ಮೇಷ್ಟ್ರು ಎಂದಿನಂತೆ ಅರ್ಧಕ್ಕೆ ಎದ್ದು ಹೋದ ಮೇಲೆ, ಡಾಕ್ಟರಮ್ಮನಿಗೆ ಮರುಕ ಬಂತಂತೆ. ಅಷ್ಟು ದೂರದಿಂದ ಬರೋ ಹಿರಿಯರಿಗೆ ಒಂದು ಸಿನಿಮಾವನ್ನಾದರೂ ಪೂರ್ತಿ ತೋರಿಸಲಾರೆವಾ ಎಂದರಂತೆ. ಎಲ್ಲರೂ ಒಪ್ಪಿದರು. ಇನ್ನು ಮೇಲೆ ಸಿನಿಮಾ ಎರಡು ಗಂಟೆಗೆ ಎಂದು ಕಾರ್ಡುಗಳು ಹೋದವು. ನಾನು ಮದುವೆ ಮನೆಯ ಗದ್ದಲ ಮುಗಿಸಿ ಬಂದಾಗ ಕಾರ್ಡು ಅಂಗಡಿಯ ಬಾಗಿಲ ಸಂದಿಯಲ್ಲಿತ್ತು.

ಕಾರಣ ಹೇಳದೆ ತಡೆಯುವುದು ಹೇಗೆಂದು ತೋಚದೆ, ಮುಂದಿನ ಸಿನಿಮಾದ ಭಾನುವಾರ ನಾನು ಓಡಿಕೊಂಡೇ ಹೋದೆ. ಮೇಷ್ಟ್ರಿಗೆಂದು ಮುಂದುಗಡೆ ಕೈ ಇರುವ ಕುರ್ಚಿ ಹಾಕಿದ್ದರು. ನಾನಿಲ್ಲದ ತಿಂಗಳ ಕೊನೆಯನ್ನು ವಕೀಲರೇ ಹೇಳಿ ನಾಲ್ಕು ಮಾತಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೇಷ್ಟ್ರ ಪಕ್ಕ ಕೂತು, "ನೀವು ಅರ್ಧಕ್ಕೇ ಹೋಗ್ಬೇಕು ಅಂತ ನಾನು ಹೇಳ್ತೀನಿ ಇವ್ರಿಗೆಲ್ಲ" ಎಂದು ಎದ್ದೆ. ಅವರು ನನ್ನ ಮೊಣಕೈ ಹಿಡಿದು ಕೂರಿಸಿದರು. "ಬುಡಿ ಭಾಯಿ. ಪ್ರೀತಿಯಿಂದ ಮಾಡವ್ರೆ. ಹೆಂಗೆ ಎದ್ದೋಗೋದು?"

ಆವತ್ತಿನ ಸಿನಿಮಾದಲ್ಲಿ ರೈಲ್ವೆ ಗೇಟು ಕಾಯುವವನೊಬ್ಬ, ಅವನ ಹೆಂಡತಿ. ಮಗಳು ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದಾಳೆ. ರೈಲು ಹೋದಾಗಲೆಲ್ಲ ಇಬ್ಬರೂ ಗೇಟಿನಲ್ಲಿ ನಿಂತು ಕಿಟಕಿಗಳಲ್ಲಿ ಮಗಳ ಮುಖ ಹುಡುಕುತ್ತಾರೆ. ಅವನಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಅಲ್ಲಿಗೆ ಮೇಷ್ಟ್ರು ಎದ್ದು ಹೋಗುವ ಹೊತ್ತು. ಅಭ್ಯಾಸ ಬಲ, ಅವರು ಅರ್ಧ ಎದ್ದೇಬಿಟ್ಟರು. ಹಿಂದೆ ಕೂತಿದ್ದ ವಕೀಲರು ಭುಜದ ಮೇಲೆ ಕೈಯಿಟ್ಟು, "ಕೂತ್ಕೊಳಿ ಮೇಷ್ಟ್ರೇ, ಇನ್ನೂ ಬೇಕಾದಷ್ಟು ಟೈಮಿದೆ" ಎಂದು ಅಕ್ಕರೆಯಿಂದ ಕೂರಿಸಿದರು. ಪರೀಕ್ಷೆಗೆ ಓದದೆ ಬಂದ ಹುಡುಗನಂತೆ ಅವರು ಕೊನೆಯವರೆಗೂ ಕೂತಿದ್ದರು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. "ನೋಡ್ಲಿಲ್ಲ ಅಂತೀನಿ ಬುಡಿ" ಎಂದರು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಅದು.

ಮುಂದಿನ ತಿಂಗಳು ಅವರು ಬರಲಿಲ್ಲ. ಎಲ್ಲರೂ ಪೂರ್ತಿ ನೋಡಿಯಾಗಿದೆ ಎಂದು ಕೊನೆ ಹೇಳುವ ಪದ್ಧತಿಯನ್ನೂ ಆವತ್ತೇ ಕೈಬಿಟ್ಟರು. ಅದರ ಮುಂದಿನ ತಿಂಗಳು ಮೇಷ್ಟ್ರು ಬಂದರು. ಗಡ್ಡ ಬಿಟ್ಟಿದ್ದರು. ವಕೀಲರು ಕುರ್ಚಿ ಎಳೆದುಕೊಡುತ್ತಾ, "ಈಗ ಆರಾಮಾಗಿ ಕೂತು ನೋಡಬಹುದು ನೋಡಿ ಮೇಷ್ಟ್ರೇ, ಓಡೋ ಅವಸರವಿಲ್ಲ" ಎಂದರು.

"ಹೌದು ಸಾರ್. ಈಗ ಯಾವ ಆತ್ರನೂ ಇಲ್ಲ."

ಅವರು ಅದನ್ನು ಎಷ್ಟು ಮರ್ಯಾದೆಯಿಂದ ಹೇಳಿದರೆಂದರೆ, ವಕೀಲರು ಸಂತೋಷಪಟ್ಟರು. ನನಗೆ ಮಾತ್ರ ಆ ಮಾತಿನ ಅರ್ಥವಾಯಿತು. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಆ ಕೋಣೆಯಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಸಿನಿಮಾ ಮುಗಿಯಿತು, ಟೀ ಮುಗಿಯಿತು, ಚರ್ಚೆಯೂ ಮುಗಿಯಿತು. ಮೇಷ್ಟ್ರು ಎಲ್ಲಕ್ಕೂ ಕೂತಿದ್ದರು.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಅವರೇ ಹೇಳಿದರು. "ಅವತ್ತು ಬಾಗಿಲಲ್ಲಿ ಕಾಲಿಟ್ಟಿದ್ದೇ ತಡ, ನೋಡ್‌ಬುಟ್ಟಿದೀರ ಅಲ್ವಾ ಅಂದ್ಲು. ಇಲ್ಲ ಅಂದೆ. ಸುಳ್ಳಾಡ್ಬ್ಯಾಡಿ, ಹೇಳಿ ಅಂದ್ಲು. ಹೇಳ್ದೆ. ಚೆನ್ನಾಗೈತೆ ಅಂದ್ಲು. ಮಾರ್ನೇ ದಿನದಿಂದ ಏನೂ ಕೇಳ್ಲಿಲ್ಲ. ಜ್ವರ ಬಂತು, ಮೈಗೆ ನಂಜಾಯ್ತು ಅಂದ್ರು. ಬಾಳ ದಿನ ನರಳ್ಲಿಲ್ಲ." ನನ್ನ ಮುಖ ನೋಡಿ ಅವರೇ ಸಮಾಧಾನ ಮಾಡಿದರು. "ಸಿನ್ಮಾದಿಂದ ಯಾರೂ ಸಾಯಲ್ಲ ಭಾಯಿ. ಕಾಲ ಬಂದಿತ್ತು. ಸಂಘದೋರ್ಗೆ ಏನೂ ಹೇಳ್ಬ್ಯಾಡಿ, ನೊಂದ್ಕೋತಾರೆ."

ನಾನು ಅತ್ತೆ. ಅಷ್ಟು ಜನರ ಮಧ್ಯೆ ಕೂತು ಅತ್ತದ್ದು ಅದೇ ಮೊದಲು. ಮೇಷ್ಟ್ರು ಅಳಲಿಲ್ಲ. ಕೊಡೆಯನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು.

"ಒಂದು ಕೇಳ್ಬೇಕು. ಅದಕ್ಕೇ ಬಂದೆ ಇವತ್ತು. ಕೊನೇಲಿ ಗಾಡಿಗೆ ಸಾಮಾನು ಹೇರ್ಕೊಂಡು, ಮನೆಗೆ ಬೀಗ ಹಾಕಿ ಅವ್ರಿಬ್ರೂ ಹೊಂಟೋಯ್ತಾರಲ್ಲ, ಹಿಂದೆಗುಂಟ ರೈಲು ಬತ್ತದೆ. ಕಿಟಕೀಲಿ ಮಗಳು ಕೂತವ್ಳೆ. ಆ ಬೀಗ ಹಾಕಿದ್ ಮನೇನ ಅವ್ಳು ನೋಡುದ್ಲಾ ಇಲ್ವಾ? ನಮ್ಮವ್ಳು ಅದನ್ನೇ ಕೇಳುದ್ಲು. ನನ್ ಜೀವ ಮನೇಲಿತ್ತು, ಸರಿಯಾಗಿ ನೋಡ್ಲಿಲ್ಲ. ಗೊತ್ತಿಲ್ಲ ಅಂದೆ. ಕೊನೆವರ್ಗೂ ಕೂತಿದ್ದು ಅಷ್ಟೂ ನೋಡ್ಲಿಲ್ವಾ ಅಂದ್ಲು. ನೀವು ಹೇಳಿ ಭಾಯಿ, ನೋಡುದ್ಲಾ?"

ತಮ್ಮನ ಮದುವೆಯ ದಿನ ಬಿಟ್ಟರೆ ಅಷ್ಟು ವರ್ಷ ಒಂದು ಕೊನೆಯನ್ನೂ ತಪ್ಪಿಸದ ನಾನು ಆ ಕೊನೆಯನ್ನು ನೋಡಿರಲಿಲ್ಲ. ರೈಲು ಹೋಗುವಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಪಕ್ಕದ ಕುರ್ಚಿಯಲ್ಲಿದ್ದ ಇವರ ಮುಖವನ್ನು. ಹಾಗೆಂದು ಹೇಳಿದೆ. ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಹೋಗ್ಲಿ ಬುಡಿ" ಎಂದರು. ಅಮೃತೂರಿನ ಬಸ್ಸು ಬಂತು, ಹತ್ತಿಸಿದೆ.

ವಾಪಸು ಬಂದಾಗ ಸಂಘದ ಮಹಡಿಯ ಮೇಲೆ ಇನ್ನೂ ದೀಪ ಉರಿಯುತ್ತಿತ್ತು, ಒಂದಿಬ್ಬರ ಮಾತು ಕೇಳುತ್ತಿತ್ತು. ಮೆಟ್ಟಿಲು ಹತ್ತಿ ಯಾರನ್ನು ಕೇಳಿದ್ದರೂ ಅವಳು ನೋಡಿದಳೋ ಇಲ್ಲವೋ ಹೇಳುತ್ತಿದ್ದರು. ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಕೇಳಿಕೊಂಡು ಬಂದು ಇನ್ನು ಯಾರಿಗೆ ಹೇಳಬೇಕಿತ್ತು?