ಗಿರಣಿ ಕಟ್ಟೆಯ ಸೂಜಿ

ಮೊನ್ನೆ ಬಾಗೇವಾಡಿಯ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮುಂದೆ ಹಾಯುವಾಗ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ರೊಟ್ಟಿ ನೆನಪಾದೀತು. ನನಗೆ ನೆನಪಾಗುವುದು ಇಂಜೆಕ್ಷನ್. ನರ್ಸಾಗಿ ಹೊಟ್ಟೆ ಹೊರೆದವಳ ಮೂಗು ಸ್ವಲ್ಪ ಕೆಟ್ಟೇ ಇರುತ್ತದೆ.

ಎಪ್ಪತ್ತರ ದಶಕದ ಮಾತು. ನನ್ನ ಮೊದಲ ನೌಕರಿ ಇಂಡಿ ತಾಲೂಕಿನ ಒಂದು ದವಾಖಾನೆಯಲ್ಲಿ. ಅಲ್ಲಿಯ ಸಾಹೇಬರು ಕೆಟ್ಟವರೇನಲ್ಲ. ನಾನು ಏನಾದರೂ ಸೂಚಿಸಿದರೆ, "ಹೇಳಿದಷ್ಟು ಮಾಡ್ರಿ ಬಾಯಾರ, ಶಾಣ್ಯಾತನ ಬ್ಯಾಡ" ಎನ್ನುತ್ತಿದ್ದರು, ಅಷ್ಟೆ. ಬರಬರುತ್ತ ನನಗೆ ವಿಚಾರ ಹೊಳೆಯುವುದೇ ನಿಂತುಹೋಯಿತು. ಅದನ್ನೇ ನಾನು ಶಿಸ್ತು ಎಂದುಕೊಂಡಿದ್ದೆ.

ಆಮೇಲೆ ಹೂವಿನ ಹಿಪ್ಪರಗಿಗೆ ವರ್ಗವಾಯಿತು. ಅಲ್ಲಿ ಡಾಕ್ಟರ್ ಶಾಂತಾಬಾಯಿ ನಮ್ಮ ಮೇಲಿನವರು. ಆ ವರ್ಷ ನಾಯಿಕೆಮ್ಮು ಜೋರಾಗಿತ್ತು, ಕೂಸುಗಳು ಸಾಯುತ್ತಿದ್ದವು. ಆದರೂ ತಾಯಂದಿರು ಲಸಿಕೆಯ ಸೂಜಿ ಹಾಕಿಸಲು ಬರುತ್ತಿರಲಿಲ್ಲ.

"ಯಾಕ ಬರವಲ್ರು ಇವ್ರು? ನಿನಗೇನ ಅನಸ್ತೈತಿ?" ಎಂದು ಒಂದು ದಿನ ಡಾಕ್ಟರು ಕೇಳಿದರು.

ನನಗೇನು ಅನಿಸುತ್ತದೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. "ದವಾಖಾನಿಗೆ ಬರಾಕ ಅತ್ತಿ ಹೂಂ ಅನ್ನಬೇಕ್ರಿ. ಗಿರಣಿಗೆ ಹೋಗಾಕ ಯಾರ ಅಪ್ಪಣೀನೂ ಬೇಕಾಗಿಲ್ಲ. ನಾವ ಅಲ್ಲಿಗೆ ಹೋದ್ರ ಹೆಂಗ್ರಿ?" ಎಂದೆ. ಅಂದವಳೇ ನಾಲಿಗೆ ಕಚ್ಚಿಕೊಂಡೆ.

"ಸೋಮವಾರ ಹೋಗೂಣು," ಎಂದರು ಅವರು.

ಗಿರಣಿಯ ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಜೋಳ ಬೀಸಿಸಲು ಬಂದ ಹೆಂಗಸರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಮಕ್ಕಳನ್ನು ಮುಂದೆ ಹಿಡಿದರು. ಆ ಮಧ್ಯಾಹ್ನ ನನಗೆ ಕೋಡು ಮೂಡಿದ್ದವು. ಸಂಜೆಗೆ ಅವು ಮುರಿದವು. ಗುರುಬಸವ್ವ ಎಂಬ ಅಜ್ಜಿ, ಮೈ ಸುಡುತ್ತಿದ್ದ ಮೊಮ್ಮಗನನ್ನು ಎತ್ತಿಕೊಂಡು ದವಾಖಾನೆಗೆ ಬಂದಳು. "ನನ್ನ ಕೇಳದ ನನ್ನ ಕೂಸಿಗೆ ಸೂಜಿ ಚುಚ್ಚಿದಾಕಿ ಯಾರು?"

ಶಾಂತಾಬಾಯಿ ಎದ್ದು ನನ್ನ ಮುಂದೆ ಬಂದು ನಿಂತರು. "ಚುಚ್ಚಿದಾಕಿ ಈಕಿ, ಚುಚ್ಚು ಅಂದಾಕಿ ನಾ. ಬೈಯೂದಿದ್ರ ನನಗ ಬೈಯಬೇ."

ಅಜ್ಜಿ ಮನಸಾರೆ ಬೈದಳು. ಡಾಕ್ಟರು ಎಲ್ಲ ಕೇಳಿಸಿಕೊಂಡು, ನನ್ನನ್ನೂ ಕರೆದುಕೊಂಡು ಅವಳ ಮನೆಗೇ ನಡೆದರು. ಜ್ವರ ಇಳಿದು ಕೂಸು ಮೊಲೆ ಹಿಡಿಯುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದೆವು. ಮರಳುವಾಗ ಬೈಗುಳಕ್ಕೆ ಕಾಯುತ್ತ ಹಿಂದೆ ಹಿಂದೆ ನಡೆದೆ. ಅವರು ನಿಂತು, "ಬರೂ ಸೋಮವಾರ ಏನ ಬ್ಯಾರೆ ಮಾಡೂಣು?" ಎಂದರು.

"ಜ್ವರಾ ಬರ್ತೈತಿ ಅಂತ ಮೊದ್ಲ ಹೇಳೂಣ್ರಿ. ಅತ್ತೆಂದ್ರನ್ನೂ ಕರಿಯೂಣ್ರಿ."

ಆ ಸೋಮವಾರ ಕಟ್ಟೆಗೆ ನಮಗಿಂತ ಮೊದಲೇ ಬಂದು ಕುಳಿತವಳು ಗುರುಬಸವ್ವ. "ಮೈ ಬಿಸಿ ಆಗ್ತೈತಿ, ಇಳೀತೈತಿ. ನಾ ನೋಡೇನಿ, ಅಂಜಬ್ಯಾಡ್ರಿ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆ ಮಾತು ನನ್ನ ತರಬೇತಿಗಿಂತ ಹೆಚ್ಚು ಕೆಲಸ ಮಾಡಿತು. ಆಮೇಲೆ ನನಗೆ ವಿಚಾರಗಳು ಹೊಳೆದದ್ದೇ ಹೊಳೆದದ್ದು, ಅರ್ಧಕ್ಕರ್ಧ ಹುಚ್ಚು ವಿಚಾರಗಳೇ. ಡಾಕ್ಟರು ಅವನ್ನೂ ಪೂರ್ತಿ ಕೇಳಿಯೇ ನಗುತ್ತಿದ್ದರು.

ಮುಂದೆ ಅವರಿಗೆ ಸಿಂದಗಿಗೆ ವರ್ಗವಾಯಿತು. ಬದಲಿಗೆ ಬಂದವರು, "ಗಿರಣಿಗೆ ಹೋಗ್ರಿ ಅಂತ ಯಾರ ಹುಕುಂ?" ಎಂದು ಕೇಳಿದರು. ಕಟ್ಟೆ ಖಾಲಿಯಾಯಿತು. ನಾನು ಅದೇ ನಾನು, ಊರೂ ಅದೇ. ಆದರೆ ನನ್ನ ಬಾಯಿ ಮತ್ತೆ ಮುಚ್ಚಿತು.

ನಿನ್ನೆ ಮಗಳು ಫೋನ್ ಮಾಡಿದ್ದಳು. ಮುದ್ದೇಬಿಹಾಳದ ಶಾಲೆಯೊಂದಕ್ಕೆ ಈಗ ಅವಳೇ ಮುಖ್ಯಸ್ಥೆ. "ಅವ್ವಾ, ನನ್ನ ಮಾಸ್ತರ್‌ಗೋಳು ಹೊಸಾದು ಏನೂ ಹೇಳಂಗಿಲ್ಲ. ಕೇಳಿದ್ರ ಬರೇ ಹೌದ್ರಿ ಅಂತಾರ," ಎಂದಳು.

ಮೊದಲಾಗಿದ್ದರೆ ಈಗಿನವರಿಗೆ ಉಮೇದೇ ಇಲ್ಲ ಎಂದುಬಿಡುತ್ತಿದ್ದೆ. ನಿನ್ನೆ ಕೇಳಿದೆ: "ಅವ್ರ ಕಡಿಂದ ತಪ್ಪಾದ ದಿನಾ ನೀ ಎಲ್ಲಿ ನಿಂತಿದ್ದಿ?"

"ಅವ್ರ ಎದುರಿಗೆ ನಿಂತು ಬೈಯಾಕತ್ತಿದ್ದೆ ಅವ್ವಾ," ಎಂದಳು. "ಹಂಗಾರ ಕೇಳು," ಎಂದು ನಾನು ಗಿರಣಿ ಕಟ್ಟೆಯ ಕಥೆ ಹೇಳತೊಡಗಿದೆ.