ಗಾಳಿಮೀಟರಿಗೆ ಅರಿಶಿನ ಕುಂಕುಮ

ಒಂದು ವಾರದಿಂದ ನಾನು ಗಾಳಿಯ ವಿಷಯ ಬಿಟ್ಟು ಬೇರೆ ಮಾತಾಡಿಲ್ಲ. ತರಕಾರಿ ಗಾಡಿಯವನು ಈಗ ನಮ್ಮ ಓಣಿಗೆ ಬಂದರೆ ಕೂಗುವುದನ್ನು ನಿಲ್ಲಿಸಿ ಸದ್ದಿಲ್ಲದೆ ದಾಟಿಹೋಗುತ್ತಾನೆ. ತಪ್ಪು ಅವನದಲ್ಲ. ಮೊನ್ನೆ ಅವನನ್ನು ತಡೆದು, ಬಿಸಿ ಗಾಳಿ ತೆಳ್ಳಗಿರುತ್ತದೆ, ತಣ್ಣನೆಯ ಗಾಳಿ ದಪ್ಪಗಿರುತ್ತದೆ ಎಂದು ಬಿಡಿಸಿ ಹೇಳಿದೆ. ತಕ್ಕಡಿ ಎತ್ತಿ ಹಿಡಿದುಕೊಂಡೇ ಎಲ್ಲ ಕೇಳಿ, ಕೊನೆಗೆ "ಅದಿರ್ಲಿ ಅವ್ವಾರ, ಟೊಮ್ಯಾಟೊ ಹಾಕ್ಲೋ ಬ್ಯಾಡೋ?" ಅಂದ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಈ ವಿದ್ಯೆ ಬಂದದ್ದು ಮೊಮ್ಮಗಳಿಂದ. ಹೆಸರು ಹುಲಿಗೆಮ್ಮ. ಹೊಳೆಯಾಚೆಯ ಹುಲಿಗೆಮ್ಮ ತಾಯಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು. ಮನೆಯಲ್ಲಿ ಎಲ್ಲರೂ ಹುಲಿಗಿ ಅನ್ನುತ್ತೇವೆ. ಪೊಲೀಸ್ ಕೆಲಸದಲ್ಲಿದ್ದಾಳೆ. ಅಲ್ಲಿ ಅವಳನ್ನು ರೈಫಲ್ ಹೊಡೆಯುವ ಗುಂಪಿಗೆ ಹಾಕಿದ್ದಾರೆ. ಮಲಗಿಕೊಂಡು, ಕಣ್ಣಿಗೆ ದುರ್ಬೀನು ಹಚ್ಚಿ, ಭಾಳ ದೂರದ ಹಲಗೆಗೆ ಗುಂಡು ಹೊಡೆಯಬೇಕು. ಎಷ್ಟು ದೂರವೆಂದರೆ, ಹೊಸಪೇಟೆಯ ನಮ್ಮ ಮನೆ ಕಟ್ಟೆಯ ಮೇಲೆ ಮಲಗಿ ಮೂರು ಓಣಿಯಾಚೆಯ ನಲ್ಲಿಯ ಮೂತಿಗೆ ಹೊಡೆದಂತೆ. ಮಲಗಿಕೊಂಡು ಮಾಡುವ ಕೆಲಸಕ್ಕೂ ಸಂಬಳ ಉಂಟೆಂದು ಮೊದಲೇ ಗೊತ್ತಿದ್ದರೆ ನಮ್ಮ ಮನೆಯವರನ್ನು ನಾನು ಎಂದೋ ಸೇರಿಸುತ್ತಿದ್ದೆ.

ದಸರೆಗೆ ರಜೆ ಹಾಕಿ ಬಂದಿದ್ದಳು. ರಜೆ ಎಂಬುದು ಹೆಸರಿಗೆ. ಹಬ್ಬ ಮುಗಿಯುತ್ತಲೇ ಸಂಡೂರಿನ ಗುಡ್ಡದ ಮಗ್ಗುಲಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ಇತ್ತು. ಹೋದ ಸಲ ಕೂದಲೆಳೆಯಲ್ಲಿ ಕೈತಪ್ಪಿತ್ತು. ಈ ಸಲವೂ ತಪ್ಪಿದರೆ ರೈಫಲ್ ಗುಂಪಿನಿಂದ ತೆಗೆದು ಮತ್ತೆ ಬಂದೋಬಸ್ತಿಗೆ ಹಾಕುತ್ತಾರಂತೆ. ಅದನ್ನು ಅವಳು ರೊಟ್ಟಿ ಮುರಿಯುತ್ತ, ಏನೂ ಅಲ್ಲವೆಂಬಂತೆ ಹೇಳಿದಳು. ಆದರೆ ಮುರಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ನನಗೆ ಅಷ್ಟು ಸಾಕು.

ಬಂದೂಕು ಮನೆಗೆ ತರುವಂತಿಲ್ಲ, ಸರ್ಕಾರದ್ದು, ಬೀಗದೊಳಗಿರುತ್ತದೆ. ಅವಳು ತಂದದ್ದು ಎರಡೇ. ಒಂದು ಫೋನು, ಇನ್ನೊಂದು ಅಂಗೈಯಗಲದ ಯಂತ್ರ. ಅದರ ತಲೆಯ ಮೇಲೆ ಕುಂಕುಮದ ಭರಣಿಯ ಮುಚ್ಚಳದಷ್ಟು ದೊಡ್ಡ ಫ್ಯಾನು. ಗಾಳಿಗೆ ಹಿಡಿದರೆ ಫ್ಯಾನು ತಿರುಗುತ್ತದೆ, ಗಾಳಿ ಎಷ್ಟು ಜೋರಿದೆ, ಎಷ್ಟು ಬಿಸಿಯಿದೆ, ಎಷ್ಟು ತೇವವಿದೆ, ಎಷ್ಟು ಒತ್ತುತ್ತಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ನಮ್ಮ ಮನೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕರೆಂಟಿಗೆ ಮೀಟರ್ ಆತು, ನೀರಿಗೆ ಮೀಟರ್ ಆತು, ಈಗ ಗಾಳಿಗೂ ಬಂತಲೇ. ಉಸಿರು ಸಣ್ಣಗ ಬಿಡು ಇನ್ಮ್ಯಾಲ" ಎಂದು ನನಗೆ ಹೇಳಿದರು.

ಹುಲಿಗಿ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಒಂದು ಆ್ಯಪ್ ತೆರೆದಳು. ಗುಂಡು ಎಲ್ಲಿಗೆ ಹೋಗಿ ಬೀಳುತ್ತದೆಂದು ಹೊಡೆಯುವ ಮೊದಲೇ ಲೆಕ್ಕ ಹಾಕಿ ಹೇಳುವ ಆ್ಯಪ್. ಆದರೆ ಸುಮ್ಮನೆ ಹೇಳುವುದಿಲ್ಲ. ಹೆಣ್ಣು ನೋಡಲು ಬಂದ ಬೀಗರು ಕೂಡ ಅಷ್ಟು ಕೇಳುವುದಿಲ್ಲ. ಗುಂಡಿನ ತೂಕ ಎಷ್ಟು, ಆಕಾರ ಎಂಥದು, ನಳಿಗೆಯಿಂದ ಹೊರಬೀಳುವಾಗ ವೇಗ ಎಷ್ಟು, ದುರ್ಬೀನು ನಳಿಗೆಗಿಂತ ಎಷ್ಟು ಮೇಲಿದೆ. ಗುಂಡಿನ ಮನೆತನ ಮುಗಿದ ಮೇಲೆ ಊರಿನ ವಿಚಾರಣೆ. ಈ ಜಾಗ ಎಷ್ಟು ಎತ್ತರ, ಬಿಸಿಲು ಎಷ್ಟು, ಗಾಳಿ ಯಾವ ದಿಕ್ಕಿನಿಂದ.

"ಅಜ್ಜಿ, ನಾನು ಬರಕೊಂತೀನಿ, ನೀ ಮೀಟರ್ ಹಿಡ್ಕೊ. ಮುಖ ಗಾಳಿ ಕಡೆ ಇರ್ಲಿ."

"ಯಾರ ಮುಖ?"

"ಮೀಟರಿಂದು."

ಹಾಗೆ ನಾನು ಕೆಲಸಕ್ಕೆ ಸೇರಿದೆ. ಈ ವಯಸ್ಸಿನಲ್ಲಿ ಹೊಸದಾಗಿ ಒಂದು ಹುದ್ದೆ ಸಿಕ್ಕಿತೆಂದು ಎಷ್ಟು ಹಿಗ್ಗಿದೆನೆಂದರೆ, ಕಳೆದುಹೋದೀತೆಂದು ಯಂತ್ರವನ್ನು ಎಲೆಅಡಿಕೆ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹುಲಿಗಿ ಕೇಳಿದಾಗ ತೆಗೆದು ಕೊಟ್ಟರೆ, ಅವಳು ಅಂಕಿ ನೋಡಿ, "ಅಜ್ಜಿ, ಹೊರಗ ತಂಪೈತಿ, ನಿನ್ನ ಸೊಂಟದಾಗ ಬ್ಯಾಸಿಗಿ ನಡದೈತಿ" ಅಂದಳು. ಮೈಗೆ ತಾಗಿಸಬಾರದಂತೆ. ಮೈಶಾಖವನ್ನೇ ಊರಿನ ಶಾಖವೆಂದು ತಿಳಿದು ಆ್ಯಪ್ ಗುಂಡನ್ನು ತಪ್ಪು ಜಾಗಕ್ಕೆ ಕಳಿಸುತ್ತದಂತೆ.

ದಿಕ್ಕು ಹೇಳುವುದೂ ಬೇರೆಯೇ ರೀತಿ. ಎದುರಿನಿಂದ ಬಂದರೆ ಹನ್ನೆರಡು ಗಂಟೆ ಗಾಳಿ, ಬಲಗಡೆಯಿಂದ ಬಂದರೆ ಮೂರು ಗಂಟೆ ಗಾಳಿ. ಅವಳು "ಮೂರು ಗಂಟಿ" ಎಂದು ಕೂಗಿದಾಗ ನಮ್ಮ ಮನೆಯವರು ಒಳಗಿನಿಂದ "ಚಾ ಇಡ್ಲೇ ಹಂಗಾರ" ಅಂದರು.

ಗಾಳಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ನನ್ನ ತವರು ಕಂಪ್ಲಿ. ಕಾಲುವೆ ಕೆಳಗಿನ ಗದ್ದೆ, ಭತ್ತದ ಕಣ. ಮೊರ ಎತ್ತಿ ಹಿಡಿದು ಗಾಳಿಗೆ ಕಾದವರು ನಾವು. ಆ ಜಂಬದಲ್ಲಿ ಒಂದು ಚಿಟಿಕೆ ಮಣ್ಣು ತೂರಿ, "ಬಡಗಣ ಗಾಳಿ, ಜೋರೈತಿ, ಬರ್ಕೊ" ಎಂದು ಹುಲಿಗಿಗೆ ಅಪ್ಪಣೆ ಮಾಡಿದೆ. ಯಂತ್ರ ಹಿಡಿದು ನೋಡಿದರೆ ಗಾಳಿ ಪಡುವಣದ್ದು, ಜೋರೂ ಇರಲಿಲ್ಲ. ಮಣ್ಣು ಹಾರಿದ್ದು ಪಕ್ಕದ ಮನೆಯ ಗೋಡೆಗೆ ಬಡಿದು ತಿರುಗಿ ಬಂದ ಗಾಳಿಗೆ. ಇನ್ನೊಂದು ಸಲ, ಕಂಪ್ಲಿ ಗದ್ದೆಯ ಹಸಿ ಗಾಳಿ ಭಾರ, ಅದರಲ್ಲಿ ನಿನ್ನ ಗುಂಡು ತಿಣುಕುತ್ತದೆ ಅಂದೆ. ಅವಳು ನಕ್ಕು, ಹಸಿ ಗಾಳಿ ಒಣ ಗಾಳಿಗಿಂತ ಒಂದು ಎಳೆ ಹಗುರ ಅಂದಳು. ಹಸಿ ಸೀರೆ ಭಾರ, ಹಸಿ ಕಟ್ಟಿಗೆ ಭಾರ, ಹಸಿ ಗಾಳಿ ಮಾತ್ರ ಹಗುರ ಹೇಗಾಗುತ್ತದೆ? ಅವಳು ತಿಳಿಸಿ ಹೇಳಿದಳು. ನಾನು ತಿಳಿದವಳಂತೆ ತಲೆಯಾಡಿಸಿದೆ. ಇವತ್ತಿಗೂ ನಂಬಿಲ್ಲ.

ಎತ್ತರಕ್ಕೆ ತಕ್ಕಂತೆ ಅಂಕಿ ಹೇಗೆ ಬದಲಾಗುತ್ತದೆ ನೋಡಬೇಕೆಂದು ಒಂದು ದಿನ ನನ್ನನ್ನು ಹಂಪಿಗೆ ಕರೆದುಕೊಂಡು ಹೋದಳು. ಹೊಳೆದಂಡೆಯಲ್ಲಿ ಒಮ್ಮೆ ಹಿಡಿದೆವು, ಬಜಾರಿನ ಕಲ್ಲುಮಂಟಪದ ಮುಂದೆ ಒಮ್ಮೆ, ಹೇಮಕೂಟ ಹತ್ತಿ ಮತ್ತೊಮ್ಮೆ. ಹತ್ತಿದಂತೆಲ್ಲ ಗಾಳಿಯ ಒತ್ತಡ ಇಳಿಯುತ್ತ ಹೋಯಿತು, ನನ್ನ ಮಂಡಿಯ ಒತ್ತಡ ಏರುತ್ತ ಹೋಯಿತು. ಎರಡನೆಯದನ್ನು ಬರೆಯಲು ಆ್ಯಪಿನಲ್ಲಿ ಜಾಗವಿರಲಿಲ್ಲ. ಬಂಡೆಯ ಮೇಲೆ ಕೂತಾಗ ಹೊಳೆಯಾಚೆ ಅಂಜನಾದ್ರಿ ಕಂಡಿತು. ವಾಯುದೇವರ ಮಗ ಹುಟ್ಟಿದ ಬೆಟ್ಟ. ಅಂದಮೇಲೆ ಗಾಳಿ ನಮ್ಮ ಕಡೆಯ ಬೀಗ. ಮಗನ ಮುಖ ನೋಡಿಯಾದರೂ ಆಯ್ಕೆಯ ದಿನ ಸ್ವಲ್ಪ ಸುಮ್ಮನಿರಪ್ಪ ಎಂದು ಅಲ್ಲಿಂದಲೇ ಕೈ ಮುಗಿದೆ. ಮುಗಿದ ಕೈ ಇಳಿಸುವುದರೊಳಗೆ ಗಾಳಿ ಎದ್ದು ನನ್ನ ಸೆರಗು ತಲೆಯ ಮೇಲೆ ಬಂತು. ಬೀಗರ ಸ್ವಭಾವವೇ ಹಾಗೆ.

ಇನ್ನು ಆಯುಧಪೂಜೆಗೆ ಬರುತ್ತೇನೆ. ನಮ್ಮ ಕಡೆ ಆ ದಿನ ದುಡಿಯುವ ಯಾವುದನ್ನೂ ಬಿಡುವುದಿಲ್ಲ. ದೋಣಿಮಲೈ ಕಡೆಯ ಅದಿರು ಲಾರಿಗಳು ಮದುಮಗನಂತೆ ಬಾಳೆಕಂದು ಕಟ್ಟಿಕೊಂಡು ನಿಲ್ಲುತ್ತವೆ. ನಮ್ಮ ಮನೆಯಲ್ಲಿ ಕುಡುಗೋಲು, ಈಳಿಗೆ, ಸೈಕಲ್ಲು, ಮಿಕ್ಸರು ಸಾಲಾಗಿ ಕೂತಿದ್ದವು. ಹುಲಿಗಿಯ ಬಂದೂಕು ಮಾತ್ರ ಇರಲಿಲ್ಲ. ಅವಳ ಅನ್ನದ ಆಯುಧಕ್ಕೆ, ಅದೂ ಆಯ್ಕೆಯ ಮುಂದೆ, ಒಂದು ಹೂವಿಲ್ಲವೇ ಎಂದು ಸುತ್ತ ಕಣ್ಣಾಡಿಸಿದೆ. ಅವಳು ಸ್ನಾನಕ್ಕೆ ಹೋಗಿದ್ದಳು. ಮೀಟರು ಕಿಟಕಿಯಲ್ಲಿತ್ತು.

ನಾನು ಅರೆಮನಸ್ಸಿನ ಪೂಜೆ ಮಾಡುವವಳಲ್ಲ. ಅರಿಶಿನವನ್ನು ನೀರಲ್ಲಿ ಕಲಸಿ ಹಿಂದೆ ಮುಂದೆ ಹಚ್ಚಿದೆ. ಬೆನ್ನಿಗೆ ಕುಂಕುಮ ಇಟ್ಟೆ. ಮುಖ್ಯ ಕೆಲಸ ಮಾಡುವುದು ಆ ಫ್ಯಾನು ತಾನೆ ಎಂದು ಅದರ ಒಂದೊಂದು ರೆಕ್ಕೆಗೂ ಬೆರಳ ತುದಿಯಿಂದ ಅರಿಶಿನ ಮುಟ್ಟಿಸಿದೆ. ಅದು ಸುತ್ತುವ ನಡುವಿನ ಗುಬುಟಿಗೆ ಸ್ವಲ್ಪ ಹೆಚ್ಚಾಗಿಯೇ ಬಿತ್ತು. ಚೆಂಡುಹೂ ಏರಿಸಿ, ತೆಂಗಿನಕಾಯಿ ನೀರು ಚಿಮುಕಿಸಿದೆ. ಹುಲಿಗಿ ಬಂದು ನೋಡಿ, ಹೂ ತೆಗೆದು, ಮೇಲೆ ಮೇಲೆ ಬಟ್ಟೆಯಿಂದ ಒರೆಸಿ, ಜೇಬಿಗೆ ಹಾಕಿಕೊಂಡಳು.

ಆಯ್ಕೆಯ ಹಿಂದಿನ ದಿನ ಸಂಡೂರಿನಲ್ಲಿ ತಾಲೀಮು. ಹೊಡೆಯುವವರ ಕಡೆಯವರು ಬಂದು ದೂರದಲ್ಲಿ ಕೂರಬಹುದೆಂದು ಅವರಿಗೆ ಕಲಿಸುವ ಸಾಹೇಬರು ಒಪ್ಪಿದ್ದರು. ರೊಟ್ಟಿ ಗಂಟು ಕಟ್ಟಿಕೊಂಡು ನಾನೂ ಹೋಗಿ ಹಿಂದಿನ ಬೇವಿನ ಮರದ ಕೆಳಗೆ, ಕಿವಿಗೆ ಹತ್ತಿ ಇಟ್ಟುಕೊಂಡು ಕೂತೆ. ಹುಲಿಗಿ ಮೀಟರು ಹಿಡಿದಳು, ಆ್ಯಪ್ ನೋಡಿದಳು, ದುರ್ಬೀನಿನ ತಿರುಪು ಅಷ್ಟಕ್ಕೆ ತಿರುಗಿಸಿದಳು, ಹೊಡೆದಳು. ಗಾಳಿ ಬಲದಿಂದ. ಗುಂಡು ಹಲಗೆಯ ಎಡಕ್ಕೆ. ಮತ್ತೆ ಹೊಡೆದಳು, ಮತ್ತೆ ಎಡಕ್ಕೆ. ಗುಂಡುಗಳೆಲ್ಲ ಒಟ್ಟಿಗೇ, ಅಕ್ಕತಂಗಿಯರಂತೆ ಕೂತಿದ್ದವು, ಆದರೆ ಕೂರಬೇಕಾದ ಮನೆಯಲ್ಲಲ್ಲ.

"ಟ್ರಿಗರ್ ಜಗ್ಗಾಕತ್ತೀಯವ್ವ ನೀನು. ಆ್ಯಪ್ ಸರಿ ಹೇಳ್ತೈತಿ, ಕೈ ಕೇಳವಲ್ದು" ಅಂದರು ಸಾಹೇಬರು. ಬೈಗುಳವಲ್ಲ, ಬೇಸರ.

"ಹೌದು ಸರ್" ಅಂದಳು ಹುಲಿಗಿ. ಮತ್ತೆ ಮಲಗಿದಳು. ಉಸಿರು ಹಿಡಿದಳು. ಮತ್ತೆ ಎಡಕ್ಕೆ.

ಊಟದ ಹೊತ್ತಿಗೆ ಬಂದು ನನ್ನ ಪಕ್ಕ ಕೂತಳು. ರೊಟ್ಟಿ ಮುರಿದಳು, ತಿನ್ನಲಿಲ್ಲ. "ನನ್ನ ಕೈಯೇ ಕೆಟ್ಟೈತಿ ಅಜ್ಜಿ. ಎಷ್ಟು ಗಟ್ಟಿ ಹಿಡದ್ರೂ ಹಂಗ ಆಗಾಕತ್ತೈತಿ. ನಾಳೆ ಬರಲ್ಲ ಅಂತ ಹೇಳಿಬಿಡ್ಲೇನು?" ಹುಟ್ಟಿದಾಗ ನನ್ನ ಬೆರಳನ್ನು ಬಿಡದೆ ಹಿಡಿದಿದ್ದ ಕೈ ಅದು. ಪಲ್ಯ ಬಡಿಸಿದೆ. ನನಗೆ ಬರುವುದು ಅಷ್ಟೇ.

ಗಾಳಿ ಬೀಸಿತು. ನನ್ನ ಸೆರಗು ಹಾರಿ ಅವಳ ಮುಖಕ್ಕೆ ಬಡಿಯಿತು. ಸೆರಗು ಸರಿಸುತ್ತ ಅವಳು ಮರದ ಕಟ್ಟೆಯ ಮೇಲಿಟ್ಟಿದ್ದ ಮೀಟರನ್ನು ನೋಡಿದಳು. ಫ್ಯಾನು ಹಬ್ಬದೂಟ ಉಂಡವರ ಹಾಗೆ ಮೆಲ್ಲಗೆ ಹೊರಳುತ್ತಿತ್ತು. ಅವಳು ಒಮ್ಮೆ ಸೆರಗು ನೋಡಿದಳು, ಒಮ್ಮೆ ಫ್ಯಾನು ನೋಡಿದಳು. ಮೀಟರನ್ನು ಕಣ್ಣ ಹತ್ತಿರ ತಂದು ಒಳಗೆ ಇಣುಕಿದಳು.

"ಅಜ್ಜಿ, ಇದೇನಿದು ಹಳದಿ?"

"ಅರಿಶಿಣ."

"ಒಳಗ ಹೆಂಗ ಹೋತು?"

"ಪೂಜಿ ಅಂದಮ್ಯಾಲ ಹೊರಗ ಅಷ್ಟ ಮಾಡ್ತಾರೇನು?"

ಅವಳು ಬೆರಳಿಂದ ಫ್ಯಾನು ತಳ್ಳಿದಳು, ಅದು ತಡವರಿಸಿತು. ನನಗೆ ಆಗ ಹೊಳೆಯಿತು. ಅರಿಶಿನ ಒಣಗಿ ಗುಬುಟಿಯನ್ನು ಹಿಡಿದುಕೊಂಡಿದೆ. ಫ್ಯಾನು ನಿಧಾನ ತಿರುಗಿ, ಜೋರು ಗಾಳಿಯನ್ನು ಸಣ್ಣ ಗಾಳಿಯೆಂದು ತೋರಿಸಿದೆ. ಆ್ಯಪ್ ಅದನ್ನೇ ನಂಬಿದೆ. ಕೂಸಿನ ಕೈ ಸರಿಯಾಗಿಯೇ ಇದೆ, ಅಡ್ಡ ಬಂದದ್ದು ನನ್ನ ಭಕ್ತಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಹುಲಿಗಿ ನಗಲು ಶುರು ಮಾಡಿದಳು. ಬೆಳಗಿನಿಂದ ಒಳಗೆ ತಡೆದಿಟ್ಟುಕೊಂಡಿದ್ದೆಲ್ಲ ಆ ನಗುವಿನಲ್ಲಿ ಹೊರಬಂತು. ಕಣ್ಣಲ್ಲಿ ನೀರೂ ಬಂತು. ಸಾಹೇಬರು ಏನೆಂದು ಬಂದು, ಮೀಟರು ನೋಡಿ, ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಭುಜಗಳು ಕುಣಿಯುತ್ತಿದ್ದವು. ಅವರಾದರೂ ನನ್ನನ್ನು ಏನೆಂದಾರು? ಅವರ ಜೀಪಿನ ಮುಂದೆ ಹಬ್ಬದ ನಿಂಬೆಹಣ್ಣು ಇನ್ನೂ ತೂಗುತ್ತಿತ್ತು.

"ಪಿನ್ನು ಕೊಡು ಅಜ್ಜಿ" ಅಂದಳು. ನನ್ನ ಬಳೆಯಲ್ಲಿ ಯಾವಾಗಲೂ ಪಿನ್ನುಗಳ ಗೊಂಚಲು ಇರುತ್ತದೆ. ಒಂದನ್ನು ಬಿಚ್ಚಿ ಕೊಟ್ಟೆ. ಕುಡಿಯುವ ನೀರು ಹನಿಸಿ, ಪಿನ್ನಿನ ಮೊನೆಯಿಂದ ಮೆಲ್ಲಗೆ ಎಬ್ಬಿಸಿ, ಊದಿದಳು. ಫ್ಯಾನು ಝುಮ್ಮನೆ ತಿರುಗಿತು. ಅಂಕಿ ಜಿಗಿಯಿತು. ಹೊಸ ಅಂಕಿ ಆ್ಯಪಿಗೆ ಹಾಕಿ, ತಿರುಪು ಇನ್ನಷ್ಟು ತಿರುಗಿಸಿ ಹೋಗಿ ಮಲಗಿದಳು. ಅಕ್ಕತಂಗಿಯರೆಲ್ಲ ಈ ಸಲ ನಡುಮನೆಯಲ್ಲೇ ಕೂತರು.

ಮರುದಿನ ನಾನು ಹೋಗಲಿಲ್ಲ. ಬಾ ಎಂದಳು, ನಾನೇ ಬ್ಯಾಡ ಅಂದೆ. ನನ್ನ ಪ್ರೀತಿಗೆ ಅಷ್ಟು ಹತ್ತಿರದ ಜಾಗ ಒಳ್ಳೆಯದಲ್ಲವೆಂದು ತಿಳಿದಿತ್ತು. ಕಟ್ಟೆಯ ಮೇಲೆ ಫೋನು ಮುಂದಿಟ್ಟುಕೊಂಡು ಕೂತೆ. ನಮ್ಮ ಮನೆಯವರು ಪೇಪರು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಸಂಜೆ ಫೋನು ಬಂತು. "ಆತು ಅಜ್ಜಿ" ಅಂದಳು, ಅಷ್ಟೇ. ನಾನು ಫೋನು ಎದೆಗೊತ್ತಿಕೊಂಡು ನಮ್ಮ ಮನೆಯವರ ಕಡೆ ತಿರುಗಿದೆ. ಅವರು ನನ್ನ ಮುಖ ನೋಡಿ, "ಗೊತ್ತಾತು ಬಿಡಲೇ. ಉಸಿರು ಬಿಡು, ಮೀಟರ್ ಇಲ್ಲ ಈಗ" ಅಂದರು. ಅವತ್ತು ಓಣಿಗೆಲ್ಲ ಸಕ್ಕರೆ ಹಂಚಿದೆ. ಗಾಳಿಯ ಪಾಠವನ್ನೂ ಜೊತೆಗೇ ಹಂಚಿದೆ. ಸಕ್ಕರೆ ಎಲ್ಲರೂ ತೆಗೆದುಕೊಂಡರು.

ಹೊರಡುವ ದಿನ ಹುಲಿಗಿಯ ಚೀಲ ಕಟ್ಟುವಾಗ ಮೀಟರು ಕೈಗೆ ಬಂತು. ಫ್ಯಾನು ಫಳಫಳ ಹೊಳೆಯುತ್ತಿತ್ತು. ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಕುಂಕುಮದ ಬೊಟ್ಟು ಹಾಗೇ ಇತ್ತು.

"ಇದನ್ನ ಯಾಕ ಒರಸಿಲ್ಲ? ಇದೂ ಗುಂಡಿಗೆ ಅಡ್ಡ ಬಂದ್ರ?"

"ಬಿಸಿಲು ಕೇಳ್ತು, ಎತ್ತರ ಕೇಳ್ತು, ತೇವ ಕೇಳ್ತು. ಇದೊಂದು ಆ್ಯಪ್ ಕೇಳ್ಲಿಲ್ಲ ಅಜ್ಜಿ. ಅದಕ್ಕ ಇರ್ಲಿ ಅಂತ ಬಿಟ್ಟೀನಿ" ಅಂದಳು ಚೀಲದ ಜಿಪ್ಪು ಎಳೆಯುತ್ತ.

ಮುಂದಿನ ಆಯುಧಪೂಜೆಗೆ ನಾನು ಈಗಲೇ ಒಂದು ನಿಯಮ ಮಾಡಿಕೊಂಡಿದ್ದೇನೆ. ತಿರುಗುವ ಭಾಗಕ್ಕೆ ಏನೂ ಹಚ್ಚಬಾರದು. ಬೆನ್ನಿಗೆ ಎಷ್ಟು ಬೇಕಾದರೂ ಹಚ್ಚಬಹುದು. ಮಿಕ್ಸರಿಗೂ ಅಷ್ಟೇ, ಹುಲಿಗಿಗೂ ಅಷ್ಟೇ.