ತಿರುವಿನಲ್ಲಿ ನೆಟ್ಟ ನುಗ್ಗೆ ಟೊಂಗೆ

ನಮ್ಮ ಓಣಿಯ ತಿರುವಿನಲ್ಲಿದ್ದ ಗಟಾರದ ಚೇಂಬರಿನ ಮುಚ್ಚಳ ಯಾವಾಗ ಕಾಣೆಯಾಯಿತು ಎಂಬುದು ನನಗೆ ಗೊತ್ತಿಲ್ಲ. ಮುಚ್ಚಳ ಇದ್ದದ್ದು ನೆನಪಿದೆ, ಇಲ್ಲದ್ದೂ ನೆನಪಿದೆ. ಇವೆರಡರ ನಡುವೆ ಇರಬೇಕಾದ ದಿನ ಮಾತ್ರ ನೆನಪಿಲ್ಲ. ಅದು ಕಬ್ಬಿಣದ್ದು, ಮೇಲೆ ನಗರಪಾಲಿಕೆಯ ಅಕ್ಷರಗಳಿದ್ದವು ಎಂದು ನಾನು ಹೇಳುತ್ತೇನೆ. ಇಚಲಕರಂಜಿಯಲ್ಲಿರುವ ಅಕ್ಕ ಫೋನಿನಲ್ಲಿ, “ಅಕ್ಷರ ಎಲ್ಲಿದ್ದುವು? ಕಲ್ಲಿನ ಹಾಸ ಇತ್ತು. ಅದರ ಮ್ಯಾಲ ನಾವು ಕುಂಟಾಬಿಲ್ಲಿ ಆಡತಿದ್ವಿ” ಎನ್ನುತ್ತಾಳೆ. ನಮ್ಮಿಬ್ಬರಲ್ಲಿ ಒಬ್ಬಳು ಬೇರೆ ಓಣಿಯಲ್ಲಿ ಬೆಳೆದಿರಬೇಕು.

ಇಬ್ಬರೂ ಒಪ್ಪುವುದು ಇಷ್ಟು: ಸಾಂಗ್ಲಿ ಮತ್ತು ನಮ್ಮ ಮಿರಜ ಸೇರಿ ಒಂದೇ ಮಹಾನಗರಪಾಲಿಕೆಯಾದ ಹೊಸತು. ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನ ಮದುವೆಯಾಗಿತ್ತು. ಮಾವಶಿಯ ಕಣ್ಣು ಹೋಗುತ್ತಿತ್ತು.

ಮಾವಶಿ ಅವ್ವನ ಅಕ್ಕ. ಗಂಡ ತೀರಿದ ಮೇಲೆ ಮಾಲಗಾಂವದಿಂದ ನಮ್ಮ ಮನೆಗೆ ಬಂದವಳು. ಕಾಚಬಿಂದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಕಣ್ಣಿನ ನರ ಒಣಗುತ್ತದೆ, ಹೋದ ನೋಟ ತಿರುಗಿ ಬರುವುದಿಲ್ಲ. ಆ ಹೊತ್ತಿಗೆ ಅವಳಿಗೆ ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಆದರೂ ದಿನಾ ಮಧ್ಯಾಹ್ನ ಊಟವಾದ ಮೇಲೆ ಒಬ್ಬಳೇ ಹೊರಟು, ಓಣಿಯ ಕೊನೆಯಲ್ಲಿದ್ದ ಮಠದ ಅಂಗಳ ಗುಡಿಸಿ ಬರುತ್ತಿದ್ದಳು. ತಂಗಿಯ ಮನೆಯಲ್ಲಿ ಉಣ್ಣುವ ಹೆಂಗಸಿಗೆ ತನ್ನದು ಎಂದು ಇದ್ದದ್ದು ಅದೊಂದು ಹೊತ್ತು. ಎಡಗೈಯನ್ನು ಗೋಡೆಗೆ ಹಚ್ಚಿ ನಡೆಯುತ್ತಿದ್ದಳು. ತಿರುವಿನಲ್ಲಿ ಆ ಗೋಡೆ ಮುಗಿಯುತ್ತದೆ. ಆಚೆಯ ಗೋಡೆ ಸಿಗುವವರೆಗೆ ಕೈಗೆ ಏನೂ ತಾಗುವುದಿಲ್ಲ. ಬಾಯಿ ತೆರೆದ ಚೇಂಬರ್ ಇದ್ದದ್ದು ಸರಿಯಾಗಿ ಅಲ್ಲಿ.

“ಅಕ್ಕಾ, ಆ ತೆಗ್ಗ ಮುಚ್ಚೂತನಕ ಹೊರಗ ಹೋಗಬ್ಯಾಡ” ಎಂದಳು ಅವ್ವ. “ಹೋಗೂದಿದ್ರ ಇಕೀನ್ನ ಕರಕೊಂಡು ಹೋಗು. ಕೈ ಹಿಡಕೊಂಡು ಹೋಗತಾಳ.”

“ಕೈ ಹಿಡಿಸಿಕೊಂಡು ಹ್ವಾದ್ರ ಅಂಗಳ ಯಾವ ಕೈಲೆ ಗುಡಸಲಿ?” ಎಂದು ಮಾವಶಿ ನಕ್ಕಳು. ಆಮೇಲೆ ನಗು ಬಿಟ್ಟು, “ಒಮ್ಮೆ ಕುಂದರಿಸಿದ್ರ ಮತ್ತ ಏಳಸೂದಿಲ್ಲ ನೀವು. ನಮ್ಮ ಅತ್ತೀನ್ನ ನಾವೂ ಹಿಂಗ ಕುಂದರಿಸಿದ್ವಿ” ಎಂದಳು.

ಹಾಗಾಗಿ ತೆಗ್ಗು ಮುಚ್ಚಲೇಬೇಕಾಯಿತು.

ಮೊದಲು ಇಂಥ ಕೆಲಸಕ್ಕೆ ಯಾರೂ ಕಚೇರಿಗೆ ಹೋಗುತ್ತಿರಲಿಲ್ಲ. ಗಟಾರ ತುಂಬಿದರೆ, ಬೀದಿಯ ದೀಪ ಆರಿದರೆ, ನಾಯಿ ಸತ್ತು ಬಿದ್ದಿದ್ದರೆ, ಬೆಳಗ್ಗೆ ಚಹಾದ ಅಂಗಡಿಯಲ್ಲಿ ಮುಕಾದಮನನ್ನು ಹಿಡಿದು ಹೇಳುವುದು. ಸಫಾಯಿಯವರ ಮೇಲಿನವನು ಅವನು. ಚಹಾ ಮುಗಿಯುವುದರೊಳಗೆ ಆಳನ್ನು ಕಳಿಸುತ್ತಿದ್ದ. ಅಪ್ಪ ಅರಿಷಿಣದ ದಲಾಲಿ ಮಾಡುತ್ತಿದ್ದವರು, ಅವನ ಹಳೆಯ ಪರಿಚಯ. ಈ ಸಲ ಅವನು ಬಶಿಯಲ್ಲಿ ಚಹಾ ಆರಿಸುತ್ತ ಹೇಳಿದನಂತೆ:

“ನಾ ಈಗ ನಿಮ್ಮಾಂವ ಅಲ್ರಿ ಮಾಲಕ. ನನ್ನ ಬ್ಯಾರೇ ಕಡೆ ಒಗದಾರ.”

“ಹಂಗಾರ ನಮ್ಮ ಓಣಿ ಈಗ ಯಾರದು?”

“ಸಾಂಗ್ಲಿಯವ್ರದು ಇರಬೇಕ್ರಿ. ಇಲ್ಲಾಂದ್ರ ಇನ್ನೂ ಯಾರದೂ ಆಗಿಲ್ಲ.”

ಅಪ್ಪ ಇದನ್ನು ಮನೆಯಲ್ಲಿ ನಗಿಸಲೆಂದೇ ಹೇಳಿದರು. ಯಾರೂ ನಗಲಿಲ್ಲ. ಯಾರದೂ ಅಲ್ಲದ ಓಣಿಯಲ್ಲಿ ಕೂತು ನಾವು ರೊಟ್ಟಿ ತಿಂದೆವು.

ಅಪ್ಪನಿಗೆ ಬರೆಯಲು ಬರುತ್ತಿದ್ದದ್ದು ಕನ್ನಡ ಮಾತ್ರ. ಮರಾಠಿಯಲ್ಲಿ ಅರ್ಜಿ ನಾನು ಬರೆದೆ. ಇಬ್ಬರೂ ಊರಿನ ಹಳೆಯ ನಗರಪಾಲಿಕೆ ಕಚೇರಿಗೆ ಹೋದೆವು. ಹೊರಗಿನ ಫಲಕಕ್ಕೆ ಹೊಸ ಬಣ್ಣ ಬಳಿದಿದ್ದರು. ಅದರ ಕೆಳಗಿಂದ ಹಳೆಯ ಹೆಸರು ಗಾಯದ ಕಲೆಯ ಹಾಗೆ ಉಬ್ಬಿ ಕಾಣುತ್ತಿತ್ತು. ಒಳಗೆ ದೊಡ್ಡ ಹಜಾರ ಖಾಲಿ. ಕಪಾಟುಗಳನ್ನು ಎತ್ತಿದ ಕಡೆ ಗೋಡೆಯ ಮೇಲೆ ಕಪಾಟಿನದೇ ಆಕಾರದ ಬಿಳಿ ಉಳಿದಿತ್ತು. ನಡುವೆ ನೆಲದ ಮೇಲೆ ಒಬ್ಬ ಸಿಪಾಯಿ ಕಾಲು ಚಾಚಿ ಕೂತಿದ್ದ.

“ಸಾಹೇಬ್ರು ಎಲ್ಲಿ?” ಎಂದರು ಅಪ್ಪ.

“ಖುರ್ಚಿ ಸಾಂಗ್ಲಿಗೆ ಹೋದುವ್ರಿ. ಸಾಹೇಬ್ರು ಖುರ್ಚಿ ಬೆನ್ನ ಹತ್ತಿ ಹೋದ್ರು.”

“ಮತ್ತ ನೀ?”

“ನಾ ಯಾವತ್ತೂ ಖುರ್ಚಿ ಮ್ಯಾಲ ಕುಂತಾಂವ ಅಲ್ಲ. ಅದಕ್ಕ ಉಳದೇನಿ.”

ಅರ್ಜಿಯನ್ನು ತೆಗೆದುಕೊಂಡು ಅದರ ಮೇಲೆ ಶಿಕ್ಕಾ ಒತ್ತಿದ. ಇಲ್ಲವಾದ ಪಾಲಿಕೆಯ ಶಿಕ್ಕಾ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಫೋನು ಬಡಿಯತೊಡಗಿತು. ಅವನು ಏಳಲಿಲ್ಲ. ಅಪ್ಪ ಆ ಕಡೆ ಕೈ ತೋರಿಸಿದರು.

“ಬಡಕೋಲಿ ಬಿಡ್ರಿ. ಅದರ ತಂತಿ ತಗದು ಬಾಳ ದಿನ ಆತು.”

ನಾವು ಮೆಟ್ಟಿಲು ಇಳಿಯುವವರೆಗೂ ಅದು ಬಡಿಯುತ್ತಲೇ ಇತ್ತು. ಪಕ್ಕದ ಅಂಗಡಿಯ ಫೋನು ಇದ್ದಿರಬೇಕು ಎನ್ನುತ್ತಾಳೆ ಅಕ್ಕ. ಇರಬಹುದು. ನಡೆದು ಬಂದ ತಕರಾರನ್ನು ಅವನು ಕೇಳಿಸಿಕೊಂಡ, ತಂತಿಯಿಲ್ಲದೆ ಬಂದದ್ದನ್ನು ಕೇಳಿಸಿಕೊಳ್ಳಲಿಲ್ಲ ಎಂದು ನಾನೊಮ್ಮೆ ಬರೆದಿದ್ದೆ. ಆ ವಾಕ್ಯ ಬಹಳ ಚೆನ್ನಾಗಿದೆ ಅನಿಸಿ ಹೊಡೆದುಹಾಕಿದೆ. ಈಗ ಮತ್ತೆ ಬರೆದಿದ್ದೇನೆ.

ತಿರುವಿನ ಮನೆಯಲ್ಲಿ ಸಿತಾರು ಮಾಡುವ ಚಾಚಾ ಇದ್ದರು. ಅವರ ಮಾಳಿಗೆಯ ಮೇಲೆ, ಕಟ್ಟೆಯ ಮೇಲೆ, ಸಿತಾರಿಗೆಂದು ಒಣಗಲು ಇಟ್ಟ ದೊಡ್ಡ ಬುರುಡೆ ಕುಂಬಳಗಳು ಸಾಲಾಗಿ ಕೂತಿರುತ್ತಿದ್ದವು. ಅರ್ಜಿ ಕೊಟ್ಟ ಮೇಲೆ ಯಾರೂ ಬರಲಿಲ್ಲ. ಒಂದು ದಿನ ಹಾಲಿನವನ ಸೈಕಲ್ಲಿನ ಮುಂದಿನ ಗಾಲಿ ಚೇಂಬರಿನಲ್ಲಿ ಇಳಿಯಿತು. ಚಾಚಾ ಹಿತ್ತಲಿನಿಂದ ನುಗ್ಗೆಯ ಒಂದು ಟೊಂಗೆ ಕಡಿದು ತಂದು ಚೇಂಬರಿನೊಳಗಿನ ಹೂಳಿಗೆ ಗಟ್ಟಿಯಾಗಿ ಚುಚ್ಚಿದರು. ಸಿತಾರಿಗೆ ಬಣ್ಣ ಹಚ್ಚಿ ಒರೆಸುವ ಕೆಂಪು ಅರಿವೆಯನ್ನು ತುದಿಗೆ ಕಟ್ಟಿದರು. ತೆಗ್ಗಿದೆ, ಹುಷಾರು ಎನ್ನಲು ಎಲ್ಲ ಊರಿನಲ್ಲೂ ಮಾಡುವುದೇ.

ಆ ಟೊಂಗೆಯಿಂದ ಮಾವಶಿಯ ದಾರಿ ಉಳಿಯಿತು. ಗೋಡೆ ಮುಗಿದ ಮೇಲೆ ಎರಡು ಹೆಜ್ಜೆಗೆ ಕೈ ಚಾಚಿ ಅದನ್ನು ಮುಟ್ಟಿ, ಬಲಕ್ಕೆ ಬಳಸಿ ಹೋಗುವುದನ್ನು ಕಲಿತಳು. “ಅಲ್ಲಿ ಒಬ್ಬಾಕಿ ನಿಂತಾಳ” ಎಂದು ನಮ್ಮೆದುರು ಚೇಷ್ಟೆ ಮಾಡುವಳು. “ಮಾತಾಡೂದಿಲ್ಲ. ಸೊಕ್ಕಿನಾಕಿ.”

ಮುಂದಿನದನ್ನು ಕ್ರಮವಾಗಿ ಹೇಳಲು ಹೋದರೆ ಯಾರೋ ಒಬ್ಬರು ಶುರು ಮಾಡಿದಂತೆ ಆಗುತ್ತದೆ. ಯಾರೂ ಶುರು ಮಾಡಲಿಲ್ಲ. ನಮ್ಮ ಕಡೆ ಅಮಾವಾಸ್ಯೆಗೆ ಮನೆಯವರ ದೃಷ್ಟಿ ತೆಗೆದ ಲಿಂಬೆಹಣ್ಣನ್ನು ದಾರಿ ಕೂಡುವ ಕಡೆ ಒಗೆಯುತ್ತಾರೆ. ತಿರುವಿನಲ್ಲಿ ಮೊದಲೂ ಲಿಂಬೆಹಣ್ಣು ಬೀಳುತ್ತಿದ್ದವು. ಈಗ ಅವು ಟೊಂಗೆಯ ಬುಡದಲ್ಲಿ ಬಿದ್ದವು. ಲಿಂಬೆಹಣ್ಣು ಇದ್ದ ಕಡೆ ಯಾರೋ ಕುಂಕುಮ ಇಟ್ಟರು. ಬೇಡಗದಿಂದ ಕಂಬಳಿ ಹೊತ್ತು ತರುವ ಕುರುಬರ ಮುದುಕಿ ಸೊಂಟದ ಚೀಲದಿಂದ ಭಂಡಾರ ತೆಗೆದು ಟೊಂಗೆಗೆ ಹಚ್ಚಿದಳು. ಹಳದಿ ಮತ್ತು ಕೆಂಪು ಎರಡೂ ಬಂದ ಮೇಲೆ ಹೆಂಗಸರು ಅದರ ಹತ್ತಿರ ಬಂದಾಗ ಸೆರಗು ಹೊದ್ದುಕೊಳ್ಳತೊಡಗಿದರು. ಒಂದು ಬೆಳಗ್ಗೆ ನೋಡಿದರೆ ಟೊಂಗೆ ಚಿಗುರಿತ್ತು. ನುಗ್ಗೆ ಎಲ್ಲಿ ಚುಚ್ಚಿದರೂ ಚಿಗುರುತ್ತದೆ, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ದಿನ ಓಣಿಯಲ್ಲಿ ಜನ ಮೆಲ್ಲಗೆ ಮಾತಾಡಿದರು.

ಕೆಳಗಿನಿಂದ ಸಪ್ಪಳವೂ ಬರುತ್ತಿತ್ತು. ಮಧ್ಯಾಹ್ನ ಓಣಿ ಸುಮ್ಮನಾದಾಗ, ತಂಬಿಗೆಯಿಂದ ಮೈಮೇಲೆ ನೀರು ಹೊಯ್ದುಕೊಂಡ ಹಾಗೆ, ಸ್ವಲ್ಪ ತಡೆದು ಮತ್ತೊಮ್ಮೆ. “ಯಾರೋ ಎರಕೊಳ್ಳಾಕ ಹತ್ಯಾರ” ಎಂದಳು ಮಾವಶಿ. ಗಟಾರದ ನೀರು ಎಂದೆ. “ಗಟಾರದ ನೀರು ನಡುನಡುವ ಮೈ ಉಜ್ಜಿಕೊಳ್ಳತದೇನು?” ಎಂದು ಕೇಳಿದಳು. ಆಮೇಲೆ ನನಗೂ ಆ ತಡೆಯುವಿಕೆಯೇ ಕೇಳಿಸುತ್ತಿತ್ತು.

ಮಹಾನಗರಪಾಲಿಕೆಯವರು ಬಂದರು. ಇದನ್ನು ಒತ್ತಿ ಹೇಳಬೇಕು, ಅವರು ಬಂದರು. ಸಾಂಗ್ಲಿಯ ಕಡೆಯ ತಂಡ, ನಮ್ಮ ಓಣಿಯನ್ನು ಕಂಡವರಲ್ಲ. ಕೈಗಾಡಿಯ ಮೇಲೆ ಸಿಮೆಂಟಿನ ಹೊಸ ಮುಚ್ಚಳ. ಅಪ್ಪ ಉಣ್ಣುತ್ತಿದ್ದವರು ಕೈ ತೊಳೆದು ಓಡಿದರು, ಹಿಂದೆ ನಾನು. ನಾವು ಹೋಗುವಷ್ಟರಲ್ಲಿ ತಂಡದವರು ತಿರುವಿನಿಂದ ಸ್ವಲ್ಪ ದೂರವೇ ಗಾಡಿ ನಿಲ್ಲಿಸಿದ್ದರು. ಒಬ್ಬ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದ.

“ಇಥಂ ದೇವ ಆಹೇ, ಕಾಕಾ” ಎಂದ ತಂಡದ ಹಿರಿಯ. ಇಲ್ಲಿ ದೇವರಿದೆ, ಚೇಂಬರ್ ಎಲ್ಲಿದೆ ತೋರಿಸಿ ಎಂದು ಮರಾಠಿಯಲ್ಲಿ ಕೇಳಿದ.

ಅಪ್ಪ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, “ದೇವರ ಕೆಳಗ ಐತ್ರಿ ಚೇಂಬರ್. ಇದು ದೇವರಲ್ಲ, ಟೊಂಗಿ. ಕಿತ್ತು ಒಗದು ಮುಚ್ಚರಿ” ಎಂದರು.

“ನಾವು ಹೊರಗಿನವರು. ನೀವೇ ಕಿತ್ತು ಕೊಡಿ, ಮುಚ್ಚುತ್ತೇವೆ” ಎಂದು ಅವನೆಂದ.

ಅಪ್ಪ ಬಾಗಿಲುಗಳಲ್ಲಿ ನಿಂತ ಹೆಂಗಸರ ಕಡೆ ನೋಡಿದರು. “ಹೇಳ್ರಿ ಒಂದಿಷ್ಟು.” ಒಬ್ಬಾಕೆ, “ನಾವ್ಯಾಕ ಅನ್ನೂಣ್ರಿ ಅಲ್ಲಂತ? ಇದ್ರೂ ಇರಬಹುದು” ಎಂದಳು. ಅಪ್ಪ ಚಾಚಾನ ಕಟ್ಟೆಗೆ ಹೋದರು. ಚಾಚಾ ಮಡಿಲಲ್ಲಿ ಬುರುಡೆ ಇಟ್ಟುಕೊಂಡು ಒಳಗಿನ ತಿರುಳು ಕೆರೆಯುತ್ತಿದ್ದರು.

“ನೀವ ಹಚ್ಚಿದ್ದು ಚಾಚಾ. ನೀವ ಕೀಳ್ರಿ.”

ಚಾಚಾ ಕೆರೆಯುವುದನ್ನು ನಿಲ್ಲಿಸಿದರು. “ನಾ ಹಚ್ಚಿದ್ದು ಟೊಂಗಿ, ಶೇಟ. ಅಲ್ಲಿ ಈಗ ನಿಂತದ್ದು ನಾ ಹಚ್ಚಿದ್ದಲ್ಲ.”

ಅಪ್ಪ ತಿರುಗಿ ಬಂದರು. ಅಪ್ಪ ಕೊರಳಲ್ಲಿ ಲಿಂಗ ಕಟ್ಟಿದವರು. ಲಿಂಬೆಹಣ್ಣಿನ ದೇವರು, ದಾರಿಯ ದೇವರು ಇವನ್ನೆಲ್ಲ ಮನೆಯೊಳಗೆ ಬಿಟ್ಟುಕೊಂಡವರಲ್ಲ. ತೋಳು ಏರಿಸಿ ಬಾಗಿದರು. ಕೈ ಟೊಂಗೆಯ ತನಕ ಹೋಯಿತು. ಅಲ್ಲಿಂದ ಅಂಗಿಯೊಳಗೆ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಮತ್ತೆ ಟೊಂಗೆಗೆ ಬರಲಿಲ್ಲ. ಕೆಳಗೆ ಯಾರೋ ನೀರು ಹೊಯ್ದುಕೊಂಡು ನಿಲ್ಲಿಸಿದರು. ತಂಡದವರಿಗೂ ಅದು ಕೇಳಿಸಿತು, ಅದು ಅವರ ಮುಖದಲ್ಲಿ ಕಂಡಿತು. ನಾನೂ ಅಲ್ಲಿದ್ದೆ. ನಾನೂ ಕೀಳಲಿಲ್ಲ. ಮುಚ್ಚಳ ಗಾಡಿಯ ಮೇಲೆಯೇ ತಿರುಗಿ ಹೋಯಿತು.

ಇನ್ನು ತೆಗ್ಗು ಮುಚ್ಚುವುದಿಲ್ಲ ಎಂದು ಮನೆಯಲ್ಲಿ ಅವ್ವ ಮಾವಶಿಯ ಕಸಬರಿಗೆ ತೆಗೆದು ಅಟ್ಟದ ಮೇಲೆ ಇಟ್ಟಳು. ಮಾವಶಿ ಅದನ್ನು ಗೋಡೆಯುದ್ದಕ್ಕೂ ತಡವಿ ಹುಡುಕಿದಳು. ಹುಡುಕುವುದನ್ನು ನಾವು ಮೂವರೂ ಸುಮ್ಮನೆ ನೋಡಿದೆವು. ಸಿಗದಾಗ ಗೋಡೆಗೆ ಆತು ಕೂತಳು. ಮರುದಿನವೂ ಅಲ್ಲಿಯೇ ಕೂತಳು. ಉಣ್ಣು ಎಂದರೆ ಉಂಡಳು. ಅಪ್ಪ ಆ ಮೂಲೆಯನ್ನು ನೋಡಲಾರದೆ ಓಣಿಯವರನ್ನು ಕೂಡಿಸಿ, ದೇವರಿಗೆ ಒಂದು ಕಟ್ಟೆ ಕಟ್ಟೋಣ ಎಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿ ಅವ್ವ ಒಳಗೆ ಹೋದಳು. ಯಾರೂ ತೆಗ್ಗು ಎನ್ನಲಿಲ್ಲ, ಚೇಂಬರ್ ಎನ್ನಲಿಲ್ಲ. ನುಗ್ಗೆಯ ಬುಡಕ್ಕೆ ಜಾಗ ಬಿಟ್ಟು ಎರಡು ಕಡೆ ಕಲ್ಲಿನ ಹಾಸು ಕೂರಿಸಿ, ಸುತ್ತ ಇಟ್ಟಿಗೆ ಕಟ್ಟಿ, ಗಿಲಾವು ಮಾಡಿದರು. ಅಕ್ಕ ಹೇಳುವ ಕಲ್ಲಿನ ಹಾಸು ಇದೇ ಇರಬಹುದು. ಆದರೆ ಇದರ ಮೇಲೆ ಅವಳು ಆಡಿರಲು ಸಾಧ್ಯವಿಲ್ಲ.

ಕಟ್ಟೆ ಒಣಗಿದ ಮೇಲೆ ಅವ್ವ ಕಸಬರಿಗೆ ಇಳಿಸಿ ಕೊಟ್ಟಳು. ನನ್ನನ್ನು ಕರೆದು, “ನೀ ಹಿಂದ ಹೋಗು. ಆಕೀಗಿ ಗೊತ್ತಾಗಬಾರದು” ಎಂದು ಕಿವಿಯಲ್ಲಿ ಹೇಳಿದಳು.

ಚಪ್ಪಲಿ ಹಾಕದೆ ಹೋದೆ. ಬಿಸಿಲು ನೆತ್ತಿಯ ಮೇಲಿತ್ತು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಚಾಚಾನ ಕಟ್ಟೆಯ ಮೇಲೆ ಬುರುಡೆಗಳು ಮಾತ್ರ. ಮಾವಶಿ ಗೋಡೆ ಹಿಡಿದು ತಿರುವಿನ ತನಕ ಹೋದಳು. ಗೋಡೆ ಮುಗಿಯಿತು. ದೇವರ ಕಟ್ಟೆ ಇನ್ನೂ ಎರಡು ಹೆಜ್ಜೆ ಆಚೆ ಇತ್ತು. ಅವಳು ಅಲ್ಲಿಯೇ ನಿಂತು ಸೆರಗು ಬಿಗಿಯಾಗಿ ಸುತ್ತಿಕೊಂಡಳು, ಕಸಬರಿಗೆಯನ್ನು ಬಗಲಿಗೆ ಸೇರಿಸಿದಳು, ಮದುವೆಯ ಮನೆಯಲ್ಲಿ ಮಂದಿಯ ನಡುವೆ ಹಾಯುವಾಗ ಮಾಡುವಂತೆ ಮೈಯನ್ನು ಅಡ್ಡ ಮಾಡಿಕೊಂಡಳು.

“ಒಂಚೂರು ಸರೀರಿ, ಯವ್ವಾ” ಎಂದಳು.

ಸ್ವಲ್ಪ ತಡೆದಳು. ಒಂದು ಹೆಜ್ಜೆ ಇಟ್ಟಳು. ಮತ್ತೆ ತಡೆದಳು, ಯಾರಿಗೋ ತಲೆಯಾಡಿಸಿದಳು, ಮತ್ತೊಂದು ಹೆಜ್ಜೆ. ಕಟ್ಟೆಯನ್ನು ಮುಟ್ಟಲಿಲ್ಲ. ಕೈ ಚಾಚಲೂ ಇಲ್ಲ. ಕಟ್ಟೆಗಿಂತ ಬಹಳ ದೊಡ್ಡದಾದ ಏನನ್ನೋ ಬಳಸಿಕೊಂಡು, ತಡವರಿಸದೆ ಆಚೆಯ ಗೋಡೆಯ ಹತ್ತಿರ ಬಂದಳು.

ಆ ದಿನ ಕಟ್ಟೆಯ ಪೂಜೆಗೆ ಹೆಂಗಸರು ಸೇರಿದ್ದರು, ಅವ್ವನೇ ತನಗೆ ಹೇಳಿದ್ದಳು ಎನ್ನುತ್ತಾಳೆ ಅಕ್ಕ. ಆ ಹೆಂಗಸರನ್ನು ನನ್ನ ನೆನಪಿನ ಆ ಬಿಸಿಲಿನಲ್ಲಿ ನಿಲ್ಲಿಸಲು ಎಷ್ಟೋ ಸಲ ನೋಡಿದ್ದೇನೆ, ಒಬ್ಬೊಬ್ಬರನ್ನೇ, ಅವರವರ ಸೀರೆಯ ಬಣ್ಣದ ಸಮೇತ. ಅವರು ನಿಲ್ಲುವುದಿಲ್ಲ.

ಆಚೆಯ ಗೋಡೆಗೆ ಕೈ ಹಚ್ಚಿದ ಮೇಲೆ ಮಾವಶಿ ನಾನಿದ್ದ ಕಡೆಗೇ ಮುಖ ತಿರುಗಿಸಿದಳು.

“ಕೂಸ, ನೀ ಮನೀಗಿ ಹೋಗು. ಇಷ್ಟ ಮಂದಿ ಅದಾರಲ್ಲ, ದಾಟಸ್ತಾರ.”

ಮಠದ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಅಂಗಳದ ಕಲ್ಲಿನ ಮೇಲೆ ಕಸಬರಿಗೆಯ ಸಪ್ಪಳ ಕೇಳಿಸಿತು. ನಾನು ತಿರುಗಿ ಬಂದೆ. ಅವ್ವ ಹೊಸ್ತಿಲಲ್ಲಿಯೇ ನಿಂತಿದ್ದಳು.

“ಒಬ್ಬಾಕೀನ್ನ ಬಿಟ್ಟು ಬಂದೇನು?”

“ಇಲ್ಲ” ಎಂದೆ.